ಹೆಸರು ಎಣಿಸಿದ ಅಕ್ಕಾರು

ನಮ್ಮ ಅಕ್ಕಾರ ಬಲಗೈ ನಡುಬೆರಳಿನ ಮೇಲೆ ಹುಣಸೆಬೀಜದಷ್ಟು ಗಟ್ಟಿಯಾದ ಗಂಟೊಂದಿತ್ತು. ಟಾಕು ಹಿಡಿದು ಬರೆದು ಬರೆದು ಆದದ್ದು. ಅದರೊಳಗೆ ಇಳಿದ ಶಾಯಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಯಾರಾದರೂ ಮಾತಾಡುವಾಗ ಆ ಗಂಟನ್ನು ಹೆಬ್ಬೆರಳಿನಿಂದ ಉಜ್ಜುತ್ತ, ಎಡಗಣ್ಣು ಕಿರಿದು ಮಾಡಿ ಕೇಳುವರು. ಹೇಳುವವರಿಗೆ ತಾವು ಸುಳ್ಳು ಹೇಳುತ್ತಿದ್ದೇವೇನೋ ಎಂದು ತಮಗೇ ಅನುಮಾನ ಬರಬೇಕು, ಹಾಗೆ.

ಅವರು ನಮ್ಮ ಮನೆಯವರ ಅಕ್ಕ. ಮಿರಜಿನ ಒಂದು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು. ಅಲ್ಲಿಯ ರೂಢಿಯಂತೆ ಊರೆಲ್ಲ ಅವರನ್ನು ‘ಬಾಯಿ’ ಅನ್ನುತ್ತಿತ್ತು. ಗಂಡ ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಗುಮಾಸ್ತ. ಮಕ್ಕಳಿರಲಿಲ್ಲ. ನಮ್ಮ ಮನೆಯ ಹಿಂದಿನ ಎರಡು ಖೋಲಿಗಳಲ್ಲಿ ಅವರ ಸಂಸಾರ.

ನನಗೆ ಮಗ ಹುಟ್ಟಿದ್ದು ರಾಜ್ಯಗಳನ್ನು ಹೊಸದಾಗಿ ಹಂಚುವ ಮಾತು ಜೋರಾಗಿದ್ದ ವರ್ಷ. ನನ್ನ ತವರು ಹತ್ತಿರದ ಆರಗ ಹಳ್ಳಿ. ಆದರೆ ಒಳ್ಳೆಯ ದವಾಖಾನೆ ಮಿರಜಿನಲ್ಲೇ ಇತ್ತೆಂದು ಬಾಣಂತನವೂ ಅಲ್ಲೇ ಆಯಿತು. ಮಿರಜ ಮುಂಬಯಿ ಕಡೆ ಉಳಿಯುತ್ತದೋ, ಕನ್ನಡದ ಕಡೆ ಹೋಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಅಂಗಡಿಗೆ ಗಿರಾಕಿ ಬಂದರೆ ನಮ್ಮ ಮನೆಯವರು ಮೊದಲು ಅವನ ಮುಖ ನೋಡಿ, ಆಮೇಲೆ ಯಾವ ಭಾಷೆಯಲ್ಲಿ ‘ಬರ್ರಿ’ ಅನ್ನಬೇಕೆಂದು ನಿಶ್ಚಯಿಸುತ್ತಿದ್ದರು. ಯಾರು ಯಾವ ಭಾಷೆಯವರು ಅಂತ ಯಾರೋ ಯಾದಿ ಬರೆಯುತ್ತಿದ್ದಾರೆ ಎಂಬ ಸುದ್ದಿ ಓಣಿಯಿಂದ ಓಣಿಗೆ ಹರಿದಾಡುತ್ತಿತ್ತು.

ಮಗನಿಗೆ ‘ಅಶೋಕ’ ಅಂತ ಇಡಬೇಕೆಂದು ನಾವಿಬ್ಬರೂ ಗಟ್ಟಿ ಮಾಡಿದ್ದೆವು. ಅಕ್ಕಾರಿಗೆ ಹೇಳಿದಾಗ ಎಡಗಣ್ಣು ಕಿರಿದಾಯಿತು.

“ಬ್ಯಾಡ. ನನ್ನ ವರ್ಗದಾಗ ಐದು ಮಂದಿ ಅಶೋಕ ಅದಾರ.”

“ಹಂಗಾರ ಪ್ರಕಾಶ?”

“ನಾಕ ಮಂದಿ.”

“ಸುರೇಶ?”

“ಅವರನ್ನ ಎಣಿಸೂದ ಬಿಟ್ಟೇನಿ.”

ನನಗೆ ಸಿಟ್ಟು ಬಂತು. ಹೆತ್ತವಳು ನಾನು, ನನ್ನ ಬಾಯಿಂದ ಬಂದ ಹೆಸರನ್ನೆಲ್ಲ ಇವರು ಯಾಕೆ ಕೆಡವಬೇಕು? ತಮಗೆ ಮಕ್ಕಳಿಲ್ಲದ ಸಂಕಟ ಹೀಗೆ ಹೊರಬರುತ್ತಿದೆಯೇನೋ ಅಂದುಕೊಂಡೆ. ಆ ಯೋಚನೆ ಬಂದ ಮೇಲೆ ಅವರು ಕೂಸನ್ನು ಎತ್ತಿಕೊಂಡರೂ ಏನಾದರೊಂದು ನೆಪ ಹೇಳಿ ಇಸಿದುಕೊಳ್ಳುತ್ತಿದ್ದೆ.

ಆಮೇಲೆ ಇನ್ನೊಂದು ಶುರುವಾಯಿತು. ಶಾಲೆ ಬಿಟ್ಟ ಮೇಲೆ ಅಕ್ಕಾರು ನೇರ ಮನೆಗೆ ಬರುವುದನ್ನು ಬಿಟ್ಟರು. ಒಂದು ದಿನ ಸಾಂಗಲಿ, ಒಂದು ದಿನ ಕವಲಾಪುರ. ಕೇಳಿದರೆ “ಕೆಲಸಿತ್ತು” ಅಷ್ಟೇ. ಒಂದು ಮುಂಜಾನೆ ಅವರು ಸ್ನಾನಕ್ಕೆ ಹೋದಾಗ ನಾನು ಅವರ ಚೀಲ ತೆರೆದೆ. ಒಳಗೊಂದು ಉದ್ದನೆಯ ನೋಟಬುಕ್ಕು. ಪುಟಗಟ್ಟಲೆ ಗಂಡುಮಕ್ಕಳ ಹೆಸರು, ಅಪ್ಪನ ಹೆಸರು, ಊರು, ಓಣಿ. ಯಾದಿ ಬರೆಯುತ್ತಿರುವವರು ಇವರೇ!

ನಾನು ಗಂಡನಿಗೆ ಹೇಳಲಿಲ್ಲ. ಗೋಡೆಯಾಚೆಯ ಮನೆಯ ಮರಾಠಿ ಹೆಂಗಸಿಗೆ, ನಾವು ‘ಕಾಕು’ ಅನ್ನುವವರಿಗೆ, ಹೇಳಿದೆ. “ಯಾರ ಮುಂದೂ ಅನಬ್ಯಾಡ್ರಿ” ಅಂತಲೂ ಹೇಳಿದೆ.

ಎಂಟು ದಿನದಲ್ಲಿ ಶಾಲೆಗೆ ತಕರಾರು ಹೋಯಿತು. ಮರಾಠಿಯವರು ‘ಬಾಯಿ ಕನ್ನಡದ ಮಂದಿಯನ್ನು ಎಣಿಸುತ್ತಿದ್ದಾಳೆ’ ಅಂದರಂತೆ, ಕನ್ನಡದವರು ‘ನಮ್ಮ ಹೆಸರು ಆ ಕಡೆಗೆ ಕೊಡುತ್ತಿದ್ದಾಳೆ’ ಅಂದರಂತೆ. ಎರಡೂ ಕಡೆಯವರು ಒಂದಾಗಿದ್ದು ಅದೊಂದೇ ವಿಷಯಕ್ಕೆ. ಅಕ್ಕಾರಿಗೆ ಆರಗದ ಶಾಲೆಗೆ ಬದಲಿಯ ಹುಕುಂ ಬಂತು. ಅಂದು ಸಂಜೆ ನನ್ನ ಖೋಲಿಯ ಬಾಗಿಲಲ್ಲಿ ನಿಂತರು.

“ನನ್ನ ಪುಸ್ತಕ ಯಾರೋ ನೋಡ್ಯಾರ.”

“ಯಾರ್ ನೋಡ್ತಾರ್ರಿ?” ಅಂದೆ.

ಬೆರಳಿನ ಗಂಟು ಉಜ್ಜಿಕೊಳ್ಳುತ್ತ ತಮ್ಮ ಖೋಲಿಗೆ ಹೋದರು.

ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವರು ಸೋದರತ್ತೆ, ಅಂದರೆ ಅಕ್ಕಾರೇ. ಸೇಡು ತೀರಿಸಿಕೊಳ್ಳುತ್ತಾರೆಂದು ನನಗೆ ಖಾತ್ರಿಯಿತ್ತು. ಹಾಗೇ ಆಯಿತು. ಕಿವಿಯಲ್ಲಿ ಏನೋ ಉಸುರಿ, ಹೆಂಗಸರು ರೂಢಿಯಂತೆ ಅವರ ಬೆನ್ನಿಗೆ ಗುದ್ದುತ್ತಿರುವಾಗಲೇ ತಲೆಯೆತ್ತಿ ಗಟ್ಟಿಯಾಗಿ ಅಂದರು: “ಇಂದುಧರ!”

“ಏನಂದ್ರಿ?” ಅಂತ ಮೂವರು ಕೇಳಿದರು. ನನಗೆ ಎಲ್ಲರ ಮುಂದೆ ಅಳು ಬಂತು.

ಮಂದಿ ಉಂಡು ಹೋದ ಮೇಲೆ ಅವರೇ ಬಂದು ನೋಟಬುಕ್ಕನ್ನು ನನ್ನ ಮುಂದೆ ತೆರೆದಿಟ್ಟರು.

“ಓದು. ಈ ಸುತ್ತಿನ ಸಾಲಿಯೊಳಗ ಯಾವ ಹೆಸರು ಎಷ್ಟು ಅದಾವ ಅಂತ ಬರಕೊಂಡೇನಿ. ಇಂದುಧರ ಒಂದೂ ಇಲ್ಲ.”

“ಅದಕ್ಕ ಇಷ್ಟ ತಿರುಗಬೇಕಾಗಿತ್ತೇನ್ರಿ?”

ಆಗ ಹೇಳಿದರು. ಮಿರಜ ಸಂಸ್ಥಾನ ವಿಲೀನವಾದಾಗ ಶಾಲೆಯ ಹಳೆಯ ದಫ್ತರಗಳನ್ನೆಲ್ಲ ಹೊಸ ಪುಸ್ತಕಕ್ಕೆ ಇಳಿಸಬೇಕಾಗಿತ್ತು. ಅಕ್ಷರ ಚೆಂದವೆಂದು ಆ ಕೆಲಸ ಇವರಿಗೆ ಬಂತು.

“ಒಂದು ವರ್ಗದಾಗ ಎರಡು ಸಾಲು ಒಂದ ನಮೂನಿ ಇದ್ದವು. ಮಾರುತಿ, ಅಪ್ಪ ಮಲ್ಲಪ್ಪ, ಅಡ್ಡಹೆಸರೂ ಒಂದ. ಆ ವರ್ಗದ ಹುಡುಗರ ಮಾರಿ ನನಗ ಗೊತ್ತಿರಲಿಲ್ಲ. ಹಳೇ ಕಾರಕೂನ ತಪ್ಪಿ ಎರಡ ಸಲ ಬರದಾನ ಅಂತ ಒಂದು ಸಾಲು ಬಿಟ್ಟೆ.”

ಬಿಟ್ಟ ಸಾಲು ಖಂಡೇರಾಜುರಿಯ ಕುರಿಗಾರರ ಮಗನದು. ದೊಡ್ಡ ಶಾಲೆಗೆ ಸೇರಲು ದಾಖಲೆ ಕೇಳಿಕೊಂಡು ಬಂದಾಗ, ಶಾಲೆಯ ಕಚೇರಿಯವರು ‘ಮಾರುತಿ ಆಗಲೇ ದಾಖಲೆ ಒಯ್ದಾನ, ಇನ್ನೊಬ್ಬನ ಹೆಸರು ಹೇಳಿಕೊಂಡು ಬಂದೀಯೇನೋ ಕಳ್ಳಾ’ ಎಂದು ಎಲ್ಲರೆದುರು ಬೈದು ಅಟ್ಟಿದ್ದರು. ಅಕ್ಕಾರಿಗೆ ತಿಳಿದದ್ದು ಐದಾರು ತಿಂಗಳ ಮೇಲೆ.

“ಹುಡುಕ್ಕೊಂಡು ಹೋದೆ. ಹೊಸಾ ದಾಖಲೆ ಮಾಡಸ್ತೇನಿ, ಕಳಸ್ರಿ ಅಂದೆ. ಅವರಪ್ಪ ಕುಂದ್ರಿಸಿ ಹಾಲು ಕೊಟ್ಟ. ‘ಸಾಕ್ರಿ ಬಾಯಿ. ನನ್ನ ಮಗನ್ನ ಕಳ್ಳ ಅಂದ ಸಾಲಿಗೆ ಮತ್ತ ಕಳಸೂದಿಲ್ಲ’ ಅಂದ. ಹುಡುಗ ಹಟ್ಟಿಯೊಳಗ ನಿಂತಿದ್ದ. ನನ್ನ ಕಡೆ ತಿರುಗಿ ನೋಡಲಿಲ್ಲ.” ನೋಟಬುಕ್ಕು ಮುಚ್ಚಿ ಅಂದರು, “ಈಗ ಮತ್ತ ದಫ್ತರ ಬದಲಿ ಆಗ್ತಾವ. ಬರಿಯೂ ಕೈಗೆ ಏನು ಗೊತ್ತು? ಆಗ ಮಾರುತಿ, ಈಗ ಅಶೋಕ.”

ನಾನು ಆಗಲೇ ಕಾಲಿಗೆ ಬೀಳಬೇಕಿತ್ತು. ತೊಟ್ಟಿಲು ತೂಗುತ್ತ ಕೂತೆ.

ಮಿರಜ ಮುಂಬಯಿ ಕಡೆಯೇ ಉಳಿಯಿತು. ಅಕ್ಕಾರು ಏಳು ವರ್ಷ ಮುಂಜಾನೆಯ ಬಸ್ಸಿಗೆ ಆರಗಕ್ಕೆ ಹೋಗಿ ಬಂದರು. ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದುದು ನನ್ನ ತವರಿನ ಕಟ್ಟೆಯ ಮೇಲೆ. ನನ್ನ ಅವ್ವ “ನಿನ್ನ ನಾದಿನಿ ಹೊನ್ನಿನಂಥಾಕಿ” ಎಂದಾಗಲೆಲ್ಲ ನಾನು ಕೆಲಸ ನೆನಪಾದವಳಂತೆ ಎದ್ದು ಒಳಗೆ ಹೋಗುತ್ತಿದ್ದೆ. ಮಗ ಹತ್ತು ವರ್ಷದವನಿದ್ದಾಗ ಹೆಸರಿಗೆ ಎಲ್ಲರೂ ನಗುತ್ತಾರೆಂದು ಅತ್ತ. ಅವನ ದಾಖಲೆ ಮಾತ್ರ ಯಾವ ಕಚೇರಿಯಲ್ಲೂ ಎಂದೂ ತಪ್ಪಲಿಲ್ಲ.

ಕೊನೆಗೆ ಅಕ್ಕಾರು ಎದೆನೋವಿನಿಂದ ದವಾಖಾನೆ ಸೇರಿದರು. ನಾನೊಬ್ಬಳೇ ಹತ್ತಿರ ಕೂತಿದ್ದ ಒಂದು ಮಧ್ಯಾಹ್ನ, “ಅಕ್ಕಾರ, ಆ ಪುಸ್ತಕದ ಮಾತು ಹೊರಗ ಹೇಳಿದಾಕಿ…” ಎಂದು ಶುರು ಮಾಡಿದೆ.

ಕಣ್ಣು ತೆರೆಯದೆ ಕೈ ಅಡ್ಡ ಮಾಡಿದರು.

“ಅವತ್ತ ಗೊತ್ತಿತ್ತು. ಬಾಣಂತಿ ಇದ್ದಿ, ಕೂಸಿನ ಹಾಲು ಬತ್ತೀತು ಅಂತ ಕೇಳಲಿಲ್ಲ.”

ಮೂರು ದಿನಕ್ಕೆ ತೀರಿಕೊಂಡರು.