ಒಂದೇ ಹೊಳೆಯ ಲೆಕ್ಕ

ತಿ. ನರಸೀಪುರದ ಕಾಲೇಜಿನಲ್ಲಿ, ಮಳೆ, ಹೊಳೆಗಳ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟುವುದನ್ನು ಮೊದಲ ವರ್ಷದ ನಮಗೆ ಕಲಿಸುತ್ತಿದ್ದ ಮೇಡಂ ಒಬ್ಬರಿದ್ದರು. ಯಾರ ಲೆಕ್ಕ ನೋಡಿದರೂ ಕನ್ನಡಕ ಹಣೆಗೇರಿಸಿ, "ಏನ್ ಬಿಟ್ಟಿದ್ದೀಯ?" ಎನ್ನುತ್ತಿದ್ದರು.

ಆ ಮಳೆಗಾಲ ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ, ಹೊಳೆದಂಡೆಯ ನಮ್ಮ ಬೀದಿಯವರು ಅವರನ್ನೇ ಕೇಳಿದರು. ಮೇಡಂ ಮಾದರಿ ಓಡಿಸಿ ನೋಡಿ, "ಬೆಳಗಿನವರೆಗೂ ನೀರು ಬರಲ್ಲ" ಎಂದರು. ಸಂಜೆಗೇ ಬಂತು. ನಾವು ಹೇಗೋ ಜೀವ ಉಳಿಸಿಕೊಂಡೆವು. ಕೊಟ್ಟಿಗೆಯಲ್ಲಿ ಕಟ್ಟಿದ್ದ ನಮ್ಮ ಮನೆಯ ಎಮ್ಮೆ ಕಣ್ಣೆದುರೇ ಮುಳುಗಿತು.

ಕಾಲೇಜು ತೆರೆದ ದಿನ ಮೇಡಂ ಆ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದರು.

"ಕಬಿನಿ ಒಂದನ್ನೇ ಹಾಕಿದ್ದೆ ಕಣ್ರಪ್ಪಾ. ಕಾವೇರೀನೂ ತುಂಬಿದ್ದಾಳೆ ಅನ್ನೋದನ್ನ ಮರ್ತುಬಿಟ್ಟೆ."

ಎರಡು ಹೊಳೆ ಕೂಡುವ ಊರಿನಲ್ಲಿ! ಅವರು ನನ್ನ ಬೆಂಚಿನವರೆಗೂ ಬಂದು ಸೀಮೆಸುಣ್ಣ ಚಾಚಿದರು.

"ನೀನೇ ತಿದ್ದಮ್ಮ."

ಎದ್ದು ನಿಂತೆ. ಕೈ ಮುಂದೆ ಬರಲಿಲ್ಲ.