ಓದೋ ಯಂತ್ರ ತಗಳ್ಳೋದಾ, ಬ್ಯಾಡ್ವಾ?

ನಿಮಗೂ ಹಿಂಗೆ ಆಗೈತಾ, ಹೇಳ್ರಿ. ಪುಸ್ತಕ ತೆಗೀತೀರಾ, ಅಕ್ಷರ ಕಾಣಲ್ಲ. ಸ್ವಲ್ಪ ದೂರ ಹಿಡೀತೀರಾ. ಇನ್ನೂ ಸ್ವಲ್ಪ ದೂರ. ಕೊನೆಗೆ ಕೈಯೇ ಸಾಲದಂಗಾಗಿ, ಯಾರಾದ್ರೂ ಎದುರುಗಡೆ ಹಿಡ್ಕೊಂಡು ನಿಂತ್ಕೊಂಡ್ರೆ ಚೆನ್ನಾಗಿತ್ತು ಅನ್ಸುತ್ತೆ. ನನಗೆ ಆಗೈತೆ. ಕನ್ನಡಕದ ನಂಬರ್ ಏರಿಸಿದ್ದಾಯ್ತು, ಮತ್ತೆ ಏರಿಸಿದ್ದಾಯ್ತು. ಅರ್ಧ ಪುಟಕ್ಕೇ ತಲೆನೋವು. ವರ್ಷ ಪೂರ್ತಿ ಒಂದು ಪುಸ್ತಕಾನೂ ಮುಗಿಸಲಿಲ್ಲ ನಾನು. ಯಾರಿಗೂ ಹೇಳಲೂ ಇಲ್ಲ. ಓದೋಳು ಅಂತ ಚಳ್ಳಕೆರೆ ತುಂಬ ಹೆಸರು ಮಾಡ್ಕೊಂಡು, ಈಗ ಓದೋದೇ ನಿಂತೋಗ್ತೈತೇನೋ ಅಂತ ಒಳಗೊಳಗೇ ಹೆದರ್ಕೊಂಡು ಕೂತಿದ್ದೆ.

ಮಗಳು ಕಂಡು ಹಿಡಿದ್ಲು. "ಅವ್ವ, ಇ-ಬುಕ್ ರೀಡರ್ ತಗಾ. ಅಕ್ಷರ ಎಷ್ಟು ಬೇಕೋ ಅಷ್ಟು ದೊಡ್ಡ ಮಾಡ್ಕೋಬಹುದು" ಅಂದ್ಲು. ಗೆಳತಿದು ಒಂದು ಇಸ್ಕೊಂಡು ಬಂದು, ಒಂದು ವಾರ ನೋಡು, ಆಮೇಲೆ ತೀರ್ಮಾನ ಮಾಡು ಅಂತ ಕೈಗೇ ಇಟ್ಲು. ನಾನು ಭಾಷಣ ಶುರು ಮಾಡ್ದೆ. ಪುಸ್ತಕ ಅಂದ್ರೆ ಕಾಗದ ಕಣೇ, ಪುಸ್ತಕ ಅಂದ್ರೆ ವಾಸನೆ ಕಣೇ, ಈ ಹಲಗೆ ಮೂಸಿದ್ರೆ ಏನು ಬರ್ತೈತೆ ಅಂತ.

"ಅವ್ವ, ನಿನ್ನ ಪುಸ್ತಕ ಮೂಸಿದ್ರೆ ಬರೋದು ಕಡ್ಲೆಕಾಯಿ ಎಣ್ಣೆ ವಾಸನೆ" ಅಂದ್ಲು.

ಸುಳ್ಳಲ್ಲ ಕಣ್ರಿ. ತೊಂಬತ್ತರ ದಶಕದಾಗೆ ನಾನು ಚಳ್ಳಕೆರೇಲಿ ಪಿಯುಸಿ ಓದ್ತಿದ್ದಾಗ, ಬಾಡಿಗೆಗೆ ಕಾದಂಬರಿ ಕೊಡೋ ಅಂಗಡಿ ಇದ್ದಿದ್ದು ಎಣ್ಣೆ ಮಿಲ್ಲಿನ ಗೋಡೆಗೆ ಆನ್ಕೊಂಡು. ಪುಸ್ತಕ, ಕುರ್ಚಿ, ಅಂಗಡಿಯವರು, ಎಲ್ಲ ಒಂದೇ ವಾಸನೆ. ಅಂಗಡಿ ಮುಚ್ಚೋವಾಗ ಅವರು ಮಾರಿದ ಹಳೇ ಪುಸ್ತಕಗಳೇ ಈಗಲೂ ನಮ್ಮನೆ ಕಪಾಟಿನಾಗೆ ಇರೋದು. ಬೇಸಿಗೆ ರಜೆ ಬಂತು ಅಂದ್ರೆ ನಾನು ಅವರತ್ರ ಒಂದು ಕಟ್ಟು ಕಾದಂಬರಿ ಹೊತ್ಕೊಂಡು ಮೊಳಕಾಲ್ಮೂರು ಬಸ್ ಹತ್ತೋಳು. ಅವರು ಕೇಳೋರು, "ಏನಮ್ಮ, ಮೊಳಕಾಲ್ಮೂರಿಗೆ ಹೋದ ಪುಸ್ತಕ ಎಲ್ಲ ವಾಪಸ್ ಬರೋ ಹೊತ್ತಿಗೆ ಹಾಳೆ ಉಬ್ಬಿ ದಪ್ಪ ಆಗಿರ್ತಾವಲ್ಲ, ಏನು ತಿನ್ನಿಸ್ತೀರಾ?"

ಅಲ್ಲಿ ನಮ್ಮ ಚಿಕ್ಕಮ್ಮ ಇದ್ಲು. ಅವಳೂ ಚಿಕ್ಕಪ್ಪನೂ ರೇಷ್ಮೆ ಸೀರೆ ನೇಯೋರು. ನಡುಮನೇಲಿ ನೆಲ ಅಗೆದು ಮಾಡಿದ ಗುಂಡಿ ಮಗ್ಗ. ಅದರೊಳಗೆ ಕಾಲು ಇಳಿಬಿಟ್ಕೊಂಡು ಕೂತ್ರೆ ಚಿಕ್ಕಮ್ಮನ ಕಾಲಿಗೂ ಕೆಲಸ, ಕೈಗೂ ಕೆಲಸ, ಕಣ್ಣಿಗೂ ಕೆಲಸ. "ಕಿವಿ ಒಂದೇ ಕಣೇ ಸುಮ್ನೆ ಕೂತಿರೋದು, ಅದಕ್ಕೇನಾರ ಹಾಕು" ಅನ್ನೋಳು. ನಾನು ಗುಂಡಿ ಅಂಚಿನಾಗೆ ಕೂತು ಓದೋಳು. ಮಗ್ಗದ ಸದ್ದಿನ ಮೇಲೆ ಕೇಳ್ಬೇಕಲ್ಲ, ಅದಕ್ಕೆ ಕಿರುಚೋಳು. ಕಾದಂಬರಿ ಹುಡುಗಿ ನಾಯಕನ ಕಿವಿಯಲ್ಲಿ ಪಿಸುಗುಟ್ಟಿದ ಗುಟ್ಟನ್ನ ನಾನು ಬೀದಿಗೆಲ್ಲ ಕೇಳಂಗೆ ಕೂಗ್ತಿದ್ದೆ. ಎದುರು ಮನೆಯಾಕೆ ಕಿಟಕಿಗೆ ಬಂದು "ಅದಕ್ಕೆ ಅವನೇನಂದ?" ಅಂತ ಕೇಳಿದ್ದೂ ಉಂಟು.

ಒಂದಿನ ಎಡವಟ್ಟಾಯ್ತು. ಸಾಯಂಕಾಲ ಚಿಕ್ಕಪ್ಪ ನೇಯ್ದ ಸೀರೆ ಮೇಲೆ ಕೈಯಾಡಿಸ್ತಾ ಬಂದವನು ನಿಂತ. "ಇದೇನೇ ಇದು? ಇಲ್ಲೊಂದು ಸಾಲು ನವಿಲೇ ಇಲ್ಲ!"

ಚಿಕ್ಕಮ್ಮ ಬಗ್ಗಿ ನೋಡಿದ್ಲು. "ಕಥೇಲಿ ಆ ಹುಡುಗಿ ಬಾವಿಗೆ ಬೀಳಾಕೆ ಹೊಂಟಿದ್ಲು ಕಣ್ರಿ. ಆ ಹೊತ್ತಿನಾಗೆ ನವಿಲು ಯಾರಿಗೆ ನೆನಪಿರ್ತೈತೆ?"

ಎಳೆ ಎಳೆ ಬಿಚ್ಚಿ ಮತ್ತೆ ನೇಯಬೇಕಾಯ್ತು. ಚಿಕ್ಕಪ್ಪ ಕೆಂಡ. ಇನ್ಮೇಲೆ ಮನೆಯೊಳಗೆ ಕಾದಂಬರಿ ತರಂಗಿಲ್ಲ ಅಂದ. ಚಿಕ್ಕಮ್ಮ ದನಿ ಏರಿಸಲಿಲ್ಲ. "ಪುಸ್ತಕ ಹೊರಗೆ ಹೋದ್ರೆ ನಾನೂ ಗುಂಡಿಯಿಂದ ಹೊರಗೆ. ನೀವೇ ಇಳೀರಿ" ಅಂದ್ಲು. ಆಮೇಲೆ ರಾಜಿ ಆಯ್ತು. ಸೀರೆಯ ಸಾದಾ ಭಾಗ ನೇಯೋವಾಗ ಓದಬೇಕು, ನವಿಲು ಬುಟ್ಟಾದ ಸಾಲು ಬಂದ್ರೆ ನಿಲ್ಲಿಸಬೇಕು. ಕಾವಲಿಗೆ ಚಿಕ್ಕಪ್ಪನೇ. ಅವರ ಮನೆಮಾತು ತೆಲುಗು. ಕಥೆ ಭಾಳ ಜೋರಿರೋ ಜಾಗದಾಗೇ "ಆಗು ಆಗು, ನೆಮಲಿ ವಚ್ಚಿಂದಿ!" ಅಂತ ಕೂಗೋನು, ನಿಲ್ಲು, ನವಿಲು ಬಂತು ಅಂತ. ಆ ಸಾಲು ಮುಗಿಯೋವರೆಗೂ ನಾಯಕ ಕೈ ಮೇಲೆತ್ತಿದವನು ಎತ್ತಿಕೊಂಡೇ ನಿಂತಿರೋನು. ಕೊನೆಕೊನೆಗೆ ಚಿಕ್ಕಪ್ಪನೇ "ಸಾಲಾಯ್ತು, ಓದೇ, ಹೊಡೆದ್ನಾ ಇಲ್ವಾ?" ಅನ್ನಾಕೆ ಶುರು ಮಾಡ್ದ.

ಚಿಕ್ಕಪ್ಪ ಈಗಿಲ್ಲ. ಮಗ್ಗ ಈಗ ಮಗ ಸೊಸೆದು. ಚಿಕ್ಕಮ್ಮನ ಮಂಡಿ ಗುಂಡಿಗೆ ಇಳಿಯಲ್ಲ, ಕೂತಲ್ಲೇ ಲಾಳಿಗೆ ನೂಲು ಸುತ್ತಿ ಕೊಡ್ತಾಳೆ. ಯಂತ್ರ ವಾಪಸ್ ಕೊಡೋ ಹಿಂದಿನ ದಿನ ಅವಳನ್ನ ನೋಡಾಕೆ ಹೋಗಿದ್ದೆ. ಬ್ಯಾಡ ಅಂತ ತೀರ್ಮಾನ ಮಾಡಿಯಾಗಿತ್ತು. ಬ್ಯಾಗಿಂದ ಏನೋ ತೆಗೆಯಾಕೆ ಹೋದ್ರೆ ಅದೂ ಹೊರಗೆ ಬಂತು.

"ಅದೇನೇ ಹಲಗೆ?"

"ಪುಸ್ತಕ ಚಿಕ್ಕಮ್ಮ."

ಚಿಕ್ಕಮ್ಮ ವಯಸ್ಸಾದ ಮೇಲೆ ಅಕ್ಷರ ಕಲ್ತೋಳು. ಬಸ್ಸಿನ ಬೋರ್ಡು ಕೂಡಿಸಿ ಕೂಡಿಸಿ ಓದ್ತಾಳೆ. ಪುಸ್ತಕ ಕೊಟ್ರೆ "ಇರುವೆ ಹರಿದಂಗೆ ಐತೆ" ಅಂತ ದೂಡ್ತಾಳೆ. ಈಗಲೂ ಅದನ್ನೇ ಅಂದ್ಲು. ಅಕ್ಷರ ದೊಡ್ಡ ಮಾಡಿ ತೋರಿಸ್ದೆ.

"ಇನ್ನೂ ಮಾಡು."

ಮಾಡ್ದೆ. "ಸಾಕಾ?"

"ಯಾಕೆ, ಅದಕ್ಕೇನು ನೋವಾಗ್ತೈತಾ? ಇನ್ನೂ ಮಾಡು."

ಪರದೆ ಮೇಲೆ ನಾಕೈದು ಪದ ಉಳಿದ್ವು. ಕೈ ಸೀರೆಗೆ ಒರೆಸ್ಕೊಂಡು, ತೊಡೆ ಮೇಲೆ ಇಟ್ಕೊಂಡು, ಬೆರಳು ಅಕ್ಷರದ ಕೆಳಗೆ ಓಡಿಸ್ತಾ, "ಬೆ... ಳ... ಗ್ಗೆ... ಬೆಳಗ್ಗೆ!" ಅಂದ್ಲು. ಮುಂದಿನ ಪದ ನಾನು ಹೇಳಾಕೆ ಹೋದೆ. "ಸುಮ್ಕಿರೇ. ನಾನು ಓದ್ತಾ ಇಲ್ವಾ?" ಅಂತ ಗದರಿದ್ಲು. ಅಷ್ಟು ಹೊತ್ತೂ ಸೊಸೆ ಮಗ್ಗ ನಿಲ್ಲಿಸ್ಕೊಂಡು ಅತ್ತೆ ಮುಖಾನೇ ನೋಡ್ತಾ ಕೂತಿದ್ಲು.

ನನಗೆ ಆಗ ನಾಚಿಕೆ ಆಯ್ತು ನೋಡ್ರಿ. ಒಂದು ವಾರ ಆ ಯಂತ್ರ ನನ್ನ ಕೈಯಾಗಿತ್ತು. ಅಕ್ಷರ ದೊಡ್ಡ ಮಾಡಿ ಓದಿರಲಿಲ್ಲ ನಾನು! ದೊಡ್ಡ ಮಾಡಿದ್ರೆ ಒಂದನೇ ಕ್ಲಾಸಿನ ಪುಸ್ತಕದಂಗೆ ಕಾಣ್ತಿತ್ತು. ಇಷ್ಟು ಓದಿದೋಳು ಇದನ್ನ ಹಿಡ್ಕೊಂಡು ಕೂರೋದಾ ಅಂತ, ಸಣ್ಣಕ್ಷರದಾಗೇ ತಿಣುಕಿ, ತಲೆನೋವು ತರಿಸ್ಕೊಂಡು, ವಾಸನೆ ಗೀಸನೆ ಅಂತ ನೆಪ ಹೇಳ್ಕೊಂಡು ತಿರುಗ್ತಿದ್ದೆ. ಓದೋದು ಬಿಟ್ರೂ ಸರಿ, ಕಣ್ಣು ಮಂಜಾಗೈತೆ ಅಂತ ಒಪ್ಪಬಾರ್ದು, ಅಂಥಾ ಜಂಬ.

ಹೊರಡೋವಾಗ ಯಂತ್ರ ಕೇಳಿದ್ರೆ ಚಿಕ್ಕಮ್ಮ ಸೆರಗಿನ ಕೆಳಗೆ ಇಟ್ಕೊಂಡ್ಲು. "ಇದು ನನಗಿರ್ಲಿ. ನೀನು ಬೇರೆ ತಗಾ." ಬೇರೆಯವರದು ಅಂದ್ರೆ, "ಅವರಿಗೂ ಬೇರೆ ತಗಾ" ಅಂದ್ಲು.

ತಗಂಡೆ. ಮಗಳ ಗೆಳತಿಗೆ ಹೊಸದು, ನನಗೊಂದು. ಮೊನ್ನೆ ಬಸ್ಸಿನಾಗೆ ಪಕ್ಕದ ಹುಡುಗಿ ಇಣುಕಿ ನೋಡಿದ್ಲು. ಅಕ್ಷರ ಸಣ್ಣ ಮಾಡಲಿಲ್ಲ. ನಾನು ಇಳಿಯೋ ರಾಂಪುರ ಬರೋ ಹೊತ್ತಿಗೆ ಕಾದಂಬರಿ ಮುಗೀತು, ತಲೆನೋವು ಇರಲಿಲ್ಲ. ಅದೇ ಕಾದಂಬರಿ ಓದ್ತಿದ್ದ ಚಿಕ್ಕಮ್ಮಂಗೆ ಫೋನ್ ಮಾಡಿ ಹೇಳ್ದೆ. "ನಂದು ಇನ್ನೂ ಎರಡನೇ ಪಾಠ. ಕಥೆ ಮುಂದೇನಾಗ್ತೈತೆ ಅಂತ ಹೇಳಿಬಿಟ್ಟೀಯಾ ಮತ್ತೆ!" ಅಂತ ಬೈದು ಇಟ್ಲು.

ನಿಮಗೆ ಓದೋ ಹುಚ್ಚು ಹಿಡಿಸಿದೋರು ಯಾರು? ಕಣ್ಣು ಕೈ ಕೊಟ್ಟಾಗ ಏನು ಮಾಡಿದ್ರಿ, ಯಾರ ಮಾತಿಗೆ ಒಪ್ಪಿದ್ರಿ? ಕೆಳಗೆ ಬರೀರಿ. ಎಷ್ಟುದ್ದ ಬರೆದ್ರೂ ಓದ್ತೀನಿ, ಈಗ ನನಗೇನೂ ಕಷ್ಟ ಇಲ್ಲ.