ಸೊಸೆ ತಂದ ಜ್ವರ

ಮೂಡಿಗೆರೆ ಹತ್ತಿರದ ನಮ್ಮ ಎಸ್ಟೇಟಿನಲ್ಲಿ ಶಿವಗಂಗಮ್ಮನಷ್ಟು ಚುರುಕಾಗಿ ಕಾಫಿ ಕೊಯ್ಯುವವರು ಇರಲಿಲ್ಲ. ನಾವಿಬ್ಬರೂ ಒಂದೇ ಗ್ಯಾಂಗು, ಕೂಲಿಲೈನಿನಲ್ಲಿ ಅಕ್ಕಪಕ್ಕದ ಮನೆ. ೧೯೯೭ರಲ್ಲಿ ಎದೆಯ ಕ್ಯಾನ್ಸರಿಗೆ ಮಂಗಳೂರಿನಲ್ಲಿ ಆಪರೇಷನ್ ಆಗಿ ಬಂದ ಮೇಲೂ ಆಕೆಯ ಕೈ ನಿಧಾನವಾಗಲಿಲ್ಲ, ಬಾಯಿಯಂತೂ ಇನ್ನೂ ಜೋರಾಯಿತು.

೨೦೦೬ರ ಮಳೆಗಾಲದಲ್ಲಿ ಸೊಸೆ ಸುಕನ್ಯಾ ಕಡೂರಿನ ತವರಿಗೆ ಹೋಗಿ ಚಿಕುನ್‌ಗುನ್ಯಾ ಹಿಡಿಸಿಕೊಂಡು ಬಂದಳು. ಕೆಲವೇ ವಾರಗಳಲ್ಲಿ ಸೊಳ್ಳೆಗಳು ಅದನ್ನು ಲೈನಿನ ಮನೆಮನೆಗೂ ಹಂಚಿದವು. ಜ್ವರ ಬಿಟ್ಟರೂ ಗಂಟುನೋವು ಬಿಡಲಿಲ್ಲ. ಕೊಯ್ಲಿನ ಹೊತ್ತಿಗೂ ಎಲ್ಲರೂ ಕುಂಟುತ್ತಲೇ ತೋಟಕ್ಕೆ ಬರುತ್ತಿದ್ದೆವು. ಶಿವಗಂಗಮ್ಮನ ಸೊಂಟನೋವನ್ನೂ ಅದೇ ಲೆಕ್ಕಕ್ಕೆ ಹಾಕಿದೆವು. ಕೈಲಾಗದವರ ಚೀಲಕ್ಕೆ ಉಳಿದವರು ಹಣ್ಣು ಸುರಿಯುವುದು ಗ್ಯಾಂಗಿನ ರೂಢಿ. ಅತ್ತೆಯ ಚೀಲವನ್ನು ಸುಕನ್ಯಾಳೇ ತುಂಬುತ್ತಿದ್ದಳು. ತೂಕ ಸರಿಯಾಗಿ ಬರುತ್ತಿದ್ದುದರಿಂದ, ಆಕೆ ಮರದ ಬುಡದಲ್ಲಿ ಕೂತೇ ದಿನ ಕಳೆಯುತ್ತಾಳೆಂದು ತೂಕ ಬರೆದುಕೊಳ್ಳುವ ರೈಟರಿಗೂ ತಿಳಿಯಲಿಲ್ಲ.

ಬೇಸಿಗೆಯಲ್ಲಿ ಏಳಲೂ ಆಗದಿದ್ದಾಗ ಮಂಗಳೂರಿಗೆ ಕರೆದೊಯ್ದರು. ಕ್ಯಾನ್ಸರ್ ಮರಳಿ ಬಂದು ಬೆನ್ನುಮೂಳೆ ಸೇರಿತ್ತು. ಸೊಸೆ ತಂದ ಜ್ವರವೇ ಮಲಗಿದ್ದ ರೋಗವನ್ನು ಎಬ್ಬಿಸಿತು ಎಂದು ಲೈನಿನಲ್ಲಿ ಅಂದೇ ತೀರ್ಮಾನವಾಯಿತು. ಎದುರುಮನೆಯ ವಸಂತಮ್ಮ ಅದನ್ನು ಸುಕನ್ಯಾಳ ಮುಖಕ್ಕೇ ಹೇಳಿದಳು. ಆ ಹುಡುಗಿ ಊಟ ಬಿಟ್ಟಳು. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮುಂದಿನ ಸಲ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಸುಕನ್ಯಾ ಅತ್ತೆಯ ಎದುರೇ ಕೇಳಿದಳು, "ಜ್ವರದಿಂದಲೇ ಬಂತಾ ಡಾಕ್ಟ್ರೇ?"

ಅವರು ಸುಳ್ಳು ಸಮಾಧಾನ ಹೇಳುವವರಲ್ಲ. "ಆಪರೇಷನ್ ಆದ್ರೂ ಕ್ಯಾನ್ಸರಿನ ಕೆಲವು ಕಣ ಮೈಯಲ್ಲಿ ಸುಮ್ನೆ ಉಳ್ಕೊಂಡಿರ್ಬಹುದು. ವೈರಸ್ ಜ್ವರದಲ್ಲಿ ಮೈಯೊಳಗೆ ಉರಿಯೂತ ಆಗುತ್ತಲ್ಲ, ಅದು ಅವನ್ನ ಕೆಣಕಬಹುದು ಅನ್ನೋ ಅನುಮಾನ ಇದೆ. ಆದ್ರೆ ಜ್ವರ ಬರದೆ ಇರೋರಿಗೂ ಕಾಯಿಲೆ ಮರಳುತ್ತೆ. ಇವ್ರಿಗೆ ಯಾಕೆ ಬಂತು ಅಂತ ಹೇಳಕ್ಕಾಗಲ್ಲಮ್ಮ."

'ಇಲ್ಲ' ಎಂಬ ಒಂದು ಮಾತಿಗಾಗಿ ಹೋಗಿದ್ದ ಸುಕನ್ಯಾ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು.

ಮರುದಿನ ವಸಂತಮ್ಮ ಬಂದು ಮತ್ತೆ ಅದೇ ರಾಗ ಶುರುಮಾಡಿದಳು. ಶಿವಗಂಗಮ್ಮ ಮಲಗಿದ್ದಲ್ಲಿಂದಲೇ ಹೇಳಿದಳು, "ಡಾಕ್ಟ್ರಿಗೇ ಗೊತ್ತಿಲ್ದಿದ್ದು ನಿಂಗೆ ಹೆಂಗೆ ಗೊತ್ತಾಯ್ತು ಮಾರಾಯ್ತಿ? ಜ್ವರದಿಂದ್ಲೇ ಆಗಿರ್ಬೋದು, ಆಗ್ದೇನೂ ಇರ್ಬೋದು. ಆ ಹುಡುಗೀನ ತಿನ್ಬೇಡ."

ವಸಂತಮ್ಮ ಎದ್ದು ಹೋದಳು. ಆಪರೇಷನ್ ಆದಾಗಿನಿಂದ ಶಿವಗಂಗಮ್ಮ ತನ್ನ ಎದೆಯನ್ನು ಯಾರಿಗೂ ತೋರಿಸಿರಲಿಲ್ಲ, ಗಂಡನಿಗೂ ಇಲ್ಲ. ಅವತ್ತು ಸೊಸೆಯನ್ನು ಹತ್ತಿರ ಕರೆದು, "ನಂಗೆ ಕೈಲಾಗಲ್ಲ, ನೀನೇ ಸ್ನಾನ ಮಾಡ್ಸು" ಎಂದಳು. ಸುಕನ್ಯಾ ಬಿಸಿನೀರು ತಂದಿಟ್ಟಳು. ಅತ್ತೆ ತಾನೇ ರವಿಕೆಯ ಹುಕ್ಕು ಬಿಚ್ಚಿದಳು.